ಅಪ್ಪನ ಪಂಚೆ ಬ್ರೆಜಿಲಿಗೆ ಸೇರಿತು

ಫುಟ್‌ಬಾಲ್ ವರ್ಲ್ಡ್ ಕಪ್ ಹತ್ತಿರ ಬಂದರೆ ನಮ್ಮ ದನದ ಹಟ್ಟಿಯ ಹಿಂದೆ ಒರಗಿಸಿಟ್ಟ ಕಂಗಿನ, ಅಂದರೆ ಅಡಿಕೆ ಮರದ, ಸಲಾಕೆಗಳು ಒಂದೊಂದಾಗಿ ಕಾಣೆಯಾಗುತ್ತವೆ. ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಬಸ್‌ಸ್ಟಾಪಿನ ಎದುರು ಫ್ಲೆಕ್ಸಿಗೆ ಆಧಾರವಾಗಿ ನಿಂತಿರುತ್ತವೆ. ಕೇಳಿದರೆ ಹುಡುಗರು, "ಅಣ್ಣ, ಜುಲೈ ಕಳೀಲಿ, ವಾಪಸ್ ತಂದು ಕೊಡ್ತೇವೆ" ಎನ್ನುತ್ತಾರೆ. 2022ರಲ್ಲೂ ಹೀಗೇ ಹೇಳಿದ್ದರು. ಆಗ ಡಿಸೆಂಬರ್ ಅಂದಿದ್ದರು, ಅಷ್ಟೇ ವ್ಯತ್ಯಾಸ.

ಕಾಸರಗೋಡು ಜಿಲ್ಲೆ, ಕುಂಬಳೆ–ಬದಿಯಡ್ಕ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಪೇಟೆಯಲ್ಲಿ ಮಲಯಾಳ. ಫುಟ್‌ಬಾಲಿನ ವಿಷಯ ಬಂದರೆ ಮಾತ್ರ ಊರಲ್ಲಿ ಇರುವುದು ಎರಡೇ ಜಾತಿ: ಅರ್ಜೆಂಟೀನಾ, ಬ್ರೆಜಿಲ್. ರೊನಾಲ್ಡೊನಿಂದಾಗಿ ಪೋರ್ಚುಗಲ್ ಸೇರಿದವರು ನಾಲ್ಕು ಜನ ಇದ್ದಾರೆ. ಅವರನ್ನು ಮದುವೆಗೆ ಕರೆಯುತ್ತಾರೆ, ಚರ್ಚೆಗೆ ಕರೆಯುವುದಿಲ್ಲ.

ನಮ್ಮ ಅಪ್ಪ ಅರ್ಜೆಂಟೀನಾ. 1986ರಲ್ಲಿ ದೂರದರ್ಶನದಲ್ಲಿ ಮೆಕ್ಸಿಕೋದ ಮ್ಯಾಚು ನೋಡಿ ಮರಡೋನಾನ ಕಡೆ ಸೇರಿದವರು ಮತ್ತೆ ಕದಲಿಲ್ಲ. ಇಂಗ್ಲೆಂಡ್ ವಿರುದ್ಧ ಅವನು ಕೈಯಲ್ಲಿ ಗೋಲು ಹೊಡೆದದ್ದನ್ನು ಇವತ್ತಿಗೂ ಒಪ್ಪುವುದಿಲ್ಲ. "ನಾನೇ ನೋಡಿದ್ದೇನಲ್ಲ. ಕೈ ಎಲ್ಲಿ ಕಾಣ್ತದೆ ಮಾರಾಯ, ಆ ಟಿವಿಯಲ್ಲಿ ಚೆಂಡೇ ಕಾಣ್ತಿರಲಿಲ್ಲ" ಎನ್ನುತ್ತಾರೆ.

ಅಕ್ಕನ ಮಗ ಬ್ರೆಜಿಲ್. ಬ್ರೆಜಿಲ್ ಕೊನೆಗೆ ಕಪ್ ಗೆದ್ದದ್ದು 2002ರಲ್ಲಿ, ಇವನು ಹುಟ್ಟುವ ಎಷ್ಟೋ ಮೊದಲು. ಕಣ್ಣಲ್ಲಿ ಕಾಣದ ಐದು ಕಪ್‌ಗಳಿಗಾಗಿ ಅಜ್ಜನ ಹತ್ತಿರ ದಿನಾ ಜಗಳ. ರಜೆಗೆ ಬಂದವನು ಹಳದಿ, ಹಸಿರು ಬಟ್ಟೆ ತಂದು ಅಮ್ಮನ ಹಳೆಯ ಹೊಲಿಗೆ ಮೆಷಿನಿನಲ್ಲಿ ಬಾವುಟ ಹೊಲಿದ. ಕಟ್ಟುವಾಗ ಅದು ಕೆಸರಿಗೆ ಬಿತ್ತು. ಬಚ್ಚಲಲ್ಲಿ ಯಾವುದೋ ಬಕೆಟ್ಟಿನಲ್ಲಿ ಸೋಪಿನ ನೀರು ಇತ್ತು, ಅದರಲ್ಲೇ ಮುಳುಗಿಸಿ ಆಡಲು ಹೋದ. ಆ ಬಕೆಟ್ಟಿನಲ್ಲಿ ಅಪ್ಪನ ಎರಡು ಬಿಳಿ ಪಂಚೆ ನೆನೆಹಾಕಿದ್ದರು.

ಸಂಜೆ ತೆಗೆದು ನೋಡಿದರೆ ಬಾವುಟದ ಬಣ್ಣ ಮುಕ್ಕಾಲು ಪಾಲು ಪಂಚೆಗೆ ಬಂದಿತ್ತು. ಅದೂ ಒಂದೇ ಸಮ ಬರಬೇಡವೇ? ಒಂದು ಕಡೆ ಅರಿಶಿನ, ಮಡಿಕೆ ಇದ್ದಲ್ಲಿ ಬಿಳಿ ಗೆರೆ, ಅಂಚಿನಲ್ಲಿ ಒಂದಿಷ್ಟು ಹಸಿರು. ಮರುದಿನ ನೆಂಟರ ಮನೆಯಲ್ಲಿ ಗೃಹಪ್ರವೇಶ. ಉಳಿದ ಒಂದು ಪಂಚೆ ಇಸ್ತ್ರಿಯವನ ಹತ್ತಿರ. ಅಪ್ಪ ಹಲ್ಲು ಕಚ್ಚಿಕೊಂಡು ಅದನ್ನೇ ಉಟ್ಟು ಹೊರಟರು. ದಾರಿಯಲ್ಲಿ ಗೂಡಂಗಡಿಯ ಕಾಕ ಮೇಲಿಂದ ಕೆಳಗೆ ನೋಡಿ, "ಎಂತ ಭಟ್ರೇ, ಈ ವಯಸ್ಸಲ್ಲಿ ಪಾರ್ಟಿ ಬದಲಾಯಿಸಿದ್ರಾ?" ಅಂದರಂತೆ. ಊಟಕ್ಕೆ ಕೂತಾಗ ಬ್ರೆಜಿಲಿನ ಹುಡುಗರು ಅಪ್ಪನ ಎಲೆಗೆ ಪಾಯಸ ಜಾಸ್ತಿ ಬಡಿಸಿದರು. ಅಪ್ಪನಿಗೆ ಸಿಟ್ಟು ಬಂದದ್ದು ಅದಕ್ಕೆ. ಪಾಯಸ ಮಾತ್ರ ಬಿಡಲಿಲ್ಲ.

ಅಲ್ಲಿಗೇ ಬಂದಿದ್ದ ಪುತ್ತೂರಿನ ಭಾವ, "ಇದರಲ್ಲಿ ಇಂಡಿಯಾ ಎಲ್ಲುಂಟು?" ಎಂದು ಕೇಳಿದರು. ಪಂಕ್ತಿಯೇ ಒಮ್ಮೆ ತಲೆ ತಗ್ಗಿಸಿ ಸಾರು ಕಲಸಿಕೊಂಡಿತು. 1950ರಲ್ಲಿ ಅವಕಾಶ ಸಿಕ್ಕಿತ್ತು, ನಮ್ಮವರು ಹೋಗಲಿಲ್ಲ. ಆಮೇಲೆ ಅವಕಾಶ ಬರಲಿಲ್ಲ. ಇಷ್ಟು ಸಣ್ಣ ಕಥೆ ಹೇಳಲು ಯಾರೂ ತಯಾರಿರಲಿಲ್ಲ.

ಫ್ಲೆಕ್ಸಿನ ಹುಚ್ಚು ಮೊದಲೂ ಇತ್ತು. ಅದನ್ನು ನೆತ್ತಿಗೇರಿಸಿದ್ದು ಕೋಯಿಕ್ಕೋಡಿನ ಪುಳ್ಳಾವೂರು. ಕತಾರಿನ ವರ್ಲ್ಡ್ ಕಪ್ಪಿನ ಮೊದಲು ಅಲ್ಲಿನವರು ಹೊಳೆಯ ನಡುವೆ ಮೆಸ್ಸಿಯ 30 ಅಡಿ ಕಟೌಟ್ ನಿಲ್ಲಿಸಿದರು. ಬ್ರೆಜಿಲಿನವರು ನೇಮಾರನದ್ದು 40 ಅಡಿ ಮಾಡಿದರು. ಮತ್ತೆ ರೊನಾಲ್ಡೊ ಬಂದ. ವರ್ಲ್ಡ್ ಕಪ್ ನಡೆಸುವ ಫೀಫಾದವರೇ ಆ ಫೋಟೋ ಹಂಚಿಕೊಂಡರು. ಅಂದಿನಿಂದ ನಮ್ಮ ಹುಡುಗರ ಕಣ್ಣು ನಮ್ಮ ತೋಟದ ಕೆರೆಯ ಮೇಲೆ. ಕೆರೆಯಲ್ಲಿ ಮೇ ತಿಂಗಳಲ್ಲಿ ಮೊಣಕಾಲು ನೀರು. ಕಟೌಟ್ ನಿಲ್ಲಿಸುತ್ತೇವೆ ಎಂದು ಕೇಳಲು ಬಂದಾಗ ಅಪ್ಪ, "ನಿಲ್ಲಿಸಿ, ಪಂಪಿನ ಫುಟ್‌ವಾಲ್ವ್ ಮೆಟ್ಟಬೇಡಿ. ಮತ್ತೆ ಅದು ಮೆಸ್ಸಿಯೇ ಆಗಿರಬೇಕು" ಅಂದರು. ಬಂದವರು ಬ್ರೆಜಿಲಿನವರು. ಮಾತು ಅಲ್ಲಿಗೇ ಮುರಿಯಿತು.

ಒಳ್ಳೆಯದೇ ಆಯಿತು. ಜೂನ್ ಗಾಳಿಮಳೆಯ ರುಚಿ ಅವರಿಗೆ ಗೊತ್ತಿಲ್ಲ. 2018ರಲ್ಲೂ ಮಳೆಗಾಲದಲ್ಲೇ ವರ್ಲ್ಡ್ ಕಪ್. ಒಂದು ರಾತ್ರಿ ಗಾಳಿಗೆ ಕಿತ್ತುಬಂದ ನೇಮಾರ್ ನಮ್ಮ ಹಟ್ಟಿಯ ಬಾಗಿಲಿಗೆ ಅಡ್ಡ ಬಿದ್ದಿದ್ದ. ಬೆಳಿಗ್ಗೆ ಹಾಲು ಕರೆಯಲು ಹೋದ ಅಮ್ಮ ಕಂಡದ್ದು ಕತ್ತಲಲ್ಲಿ ಎರಡಡಿ ಅಗಲದ ಹಲ್ಲು. ಅವತ್ತು ದನ ಹಾಲು ಕೊಡಲಿಲ್ಲ, ಅಮ್ಮ ಕಾಫಿ ಕೊಡಲಿಲ್ಲ.

ಈ ಸಲ ಅಮೆರಿಕ, ಕೆನಡಾ, ಮೆಕ್ಸಿಕೋ ಸೇರಿ ನಡೆಸುವುದು. 48 ತಂಡ, 104 ಮ್ಯಾಚು. ಜೂನ್ 11ರ ಮೊದಲ ಆಟ ನಮಗೆ ನಡುರಾತ್ರಿ ಕಳೆದು ಹನ್ನೆರಡೂವರೆಗೆ. ಬ್ರೆಜಿಲ್–ಮೊರಾಕೊ ನಸುಕಿನ ಮೂರೂವರೆಗೆ. ಅರ್ಜೆಂಟೀನಾ–ಅಲ್ಜೀರಿಯಾ 17ರ ಬೆಳಿಗ್ಗೆ ಆರೂವರೆಗೆ, ಸರಿಯಾಗಿ ಸೊಸೈಟಿಗೆ ಹಾಲು ಕೊಂಡುಹೋಗುವ ಹೊತ್ತಿಗೆ. ಆ ಒಂದು ದಿನ ಮೊಮ್ಮಗ ಹಾಲು ಕೊಂಡುಹೋಗಲಿ ಎಂದು ಅಪ್ಪ. ಬ್ರೆಜಿಲಿನವನು ಅರ್ಜೆಂಟೀನಾಕ್ಕೆ ಸಹಾಯ ಮಾಡುವುದು ಹೇಗೆ ಎಂದು ಮೊಮ್ಮಗ.

ಈ ಗಲಾಟೆಯಲ್ಲಿ ಅಮ್ಮ ಸುಮ್ನೆ ಇದ್ದರು. ಮೊನ್ನೆ ಪೇಪರಿನಲ್ಲಿ ಕುರಸಾವ್ ಎಂಬ ದ್ವೀಪದ ಸುದ್ದಿ ಓದಿದರು. ಒಂದೂವರೆ ಲಕ್ಷದಷ್ಟು ಜನ, ಇಷ್ಟು ಸಣ್ಣ ದೇಶ ಇದಕ್ಕೆ ಮೊದಲು ವರ್ಲ್ಡ್ ಕಪ್ಪಿಗೆ ಬಂದದ್ದೇ ಇಲ್ಲವಂತೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲೇ 2011ರಲ್ಲಿ 13 ಲಕ್ಷ ಜನ ಇದ್ದರು. "ನಾನು ಇವರ ಕಡೆ" ಎಂದು ಪೇಪರು ಮಡಚಿಟ್ಟರು. ಅಷ್ಟಕ್ಕೇ ಬಿಡಲಿಲ್ಲ. ಹಾಲಿನ ದುಡ್ಡಿನಲ್ಲಿ ಫ್ಲೆಕ್ಸಿಗೆ ಆರ್ಡರ್ ಕೊಟ್ಟರು. ನೀಲಿ ಬಣ್ಣ, ಆರಡಿ ಸಾಕು. ಪ್ರಿಂಟ್ ಮಾಡುವ ಹುಡುಗ ಬೆಳಿಗ್ಗೆಯಿಂದ ನನಗೆ ಫೋನ್ ಮಾಡುತ್ತಿದ್ದಾನೆ: "ಅಣ್ಣ, ಫೋಟೋ ಯಾರದ್ದು ಹಾಕುವುದು? ಅಮ್ಮನದ್ದೇ ಹಾಕಿಬಿಡ್ಲಾ?"