ಆ ಮೊದಲ ಚುಕ್ಕೆ ಯಾಕೆ ಬಂತು?

ಸಿಸ್ಕೋ ರೌಟರ್‌ನಿಂದ ಪಕ್ಕದ ಸಾಧನಕ್ಕೆ ಮೊದಲ ಸಲ ಪಿಂಗ್ ('ಇದ್ದೀಯಾ?' ಅಂತ ಕೇಳುವ ಪುಟ್ಟ ಸಂದೇಶಗಳು) ಕೊಟ್ಟರೆ ಸಾಮಾನ್ಯವಾಗಿ ಹೀಗೆ ಬರುತ್ತದೆ: .!!!!

ಕಳಿಸಿದ 5 ಪ್ಯಾಕೆಟ್‌ಗಳಲ್ಲಿ, ಅಂದರೆ ಡೇಟಾ ತುಣುಕುಗಳಲ್ಲಿ, 4ಕ್ಕೆ ಉತ್ತರ ಬಂತು (!). ಮೊದಲನೆಯದಕ್ಕೆ ಬರಲಿಲ್ಲ (.). ನೆಟ್‌ವರ್ಕಿಂಗ್ ಕೆಲಸಕ್ಕೆ ಇಂಟರ್‌ವ್ಯೂಗೆ ಬರುವ ಮಕ್ಕಳಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದೇ. ಆ ಚುಕ್ಕೆ ಯಾಕೆ?

ನೆಟ್‌ವರ್ಕ್‌ನ ಕೆಲಸವನ್ನು ಹಂತಗಳಾಗಿ ವಿವರಿಸುವ ಓಎಸ್‌ಐ ಮಾಡೆಲ್‌ನ 7 ಲೇಯರ್‌ಗಳನ್ನು ಒಂದೇ ಉಸಿರಲ್ಲಿ ಹೇಳುವವರೂ ಇಲ್ಲಿ ತಡವರಿಸುತ್ತಾರೆ. ಲ್ಯಾಬ್‌ನಲ್ಲಿ ನೂರು ಸಲ ನೋಡಿರುತ್ತಾರೆ, ಅಲ್ವಾ? ಒಬ್ಬ ಹುಡುಗಿ ಮಾತ್ರ, "ಕಾರಣ ಗೊತ್ತಿಲ್ಲ ಸರ್, ಆದ್ರೆ ಎರಡನೇ ಸಲ ಪಿಂಗ್ ಕೊಟ್ರೆ ಚುಕ್ಕೆ ಬರಲ್ಲ" ಅಂದಳು. ನನಗೆ ಅಷ್ಟು ಸಾಕಾಗಿತ್ತು.

ಕಾರಣ ಸರಳ. ರೌಟರ್‌ಗೆ ಐಪಿ ವಿಳಾಸ ಗೊತ್ತು, ಪಕ್ಕದ ಸಾಧನಕ್ಕೆ ತಲುಪಿಸಲು ಬೇಕಾದ ಅದರ ಹಾರ್ಡ್‌ವೇರ್ ವಿಳಾಸ, ಅಂದರೆ ಮ್ಯಾಕ್ ವಿಳಾಸ, ಗೊತ್ತಿಲ್ಲ. "ಈ ಐಪಿ ಯಾರದು?" ಅಂತ ಆ ನೆಟ್‌ವರ್ಕ್‌ನಲ್ಲಿರುವ ಎಲ್ಲರನ್ನೂ ಕೇಳುತ್ತದೆ. ಇದೇ ಎಆರ್‌ಪಿ. ಉತ್ತರ ಬರುವಷ್ಟರಲ್ಲಿ ಮೊದಲ ಪ್ಯಾಕೆಟ್ ಬಿದ್ದುಹೋಗಿರುತ್ತದೆ.

ಪರೀಕ್ಷೆಗೆ ಮುಂಚೆ ಡಂಪ್ಸ್ (ಸೋರಿದ ಪ್ರಶ್ನೋತ್ತರಗಳು) ಉರು ಹೊಡೆದು ಸಿಸ್ಕೋದ ಸಿಸಿಎನ್‌ಎ ಸರ್ಟಿಫಿಕೇಟ್ ಪರೀಕ್ಷೆ ಪಾಸಾಗುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಪ್ಪ ಅಮ್ಮ ಸಾಲ ಮಾಡಿ ಕೋರ್ಸ್‌ಗೆ ದುಡ್ಡು ಕಟ್ಟಿರುತ್ತಾರೆ. ಸರ್ಟಿಫಿಕೇಟ್ ಕೈಗೆ ಬರುತ್ತದೆ, ಕೆಲಸ ಬರುವುದಿಲ್ಲ.

ನಾನೂ ಸ್ಪ್ಯಾನಿಂಗ್ ಟ್ರೀ ಬಾಯಿಪಾಠ ಮಾಡಿದ್ದವನೇ. ಸ್ವಿಚ್‌ಗಳಲ್ಲಿ ಡೇಟಾ ಕೊನೆಯಿಲ್ಲದೆ ಸುತ್ತು ಹೊಡೆಯದಂತೆ ತಡೆಯುವ ಪ್ರೋಟೊಕಾಲ್ ಅದು. ನನಗೆ ಅರ್ಥವಾಗಿದ್ದು ಮೊದಲ ಕೆಲಸದಲ್ಲಿ. ಒಂದು ಸಣ್ಣ ಆಫೀಸಿನಲ್ಲಿ ಯಾರೋ ಒಂದೇ ಕೇಬಲ್‌ನ ಎರಡೂ ತುದಿಯನ್ನು ಒಂದೇ ಸ್ವಿಚ್‌ಗೆ ಚುಚ್ಚಿದ್ದರು. ಸ್ಪ್ಯಾನಿಂಗ್ ಟ್ರೀ ಇಲ್ಲದ ಅಗ್ಗದ ಸ್ವಿಚ್. ಎಲ್ಲ ದೀಪಗಳೂ ಒಟ್ಟಿಗೆ ಪಟಪಟ ಮಿನುಗುತ್ತಿದ್ದವು, ಇಡೀ ಆಫೀಸ್ ನಿಂತಿತ್ತು. ಒಂದೊಂದೇ ಕೇಬಲ್ ಕಿತ್ತು ನೋಡಲು ಒಂದು ಗಂಟೆ ಹಿಡಿಯಿತು. ರೇಡಿಯಾ ಪರ್ಲ್‌ಮನ್ 1985ರಲ್ಲಿ ಆ ಪ್ರೋಟೊಕಾಲ್ ಯಾಕೆ ಬರೆದರು ಅಂತ ಅವತ್ತು ಗೊತ್ತಾಯಿತು.

ಎಕ್ಸ್‌ಪರ್ಟ್ ಆದಮೇಲೆ ಬೇರೆಯದೇ ವಿದ್ಯೆ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ. 2008ರ ಫೆಬ್ರವರಿ 24ರಂದು ಯೂಟ್ಯೂಬ್ ಜಗತ್ತಿನ ಹಲವು ಕಡೆ ಸುಮಾರು ಎರಡು ಗಂಟೆ ಸಿಗಲಿಲ್ಲ. ಯೂಟ್ಯೂಬ್ ತನ್ನ 1024 ವಿಳಾಸಗಳನ್ನು 208.65.152.0/22 ಅಂತ ಸಾರುತ್ತಿತ್ತು (ಓರೆಗೆರೆಯ ನಂತರದ ಸಂಖ್ಯೆ ದೊಡ್ಡದಾದಷ್ಟೂ ವಿಳಾಸಗಳ ಗುಂಪು ಚಿಕ್ಕದು). ತನ್ನ ದೇಶದೊಳಗೆ ಅದನ್ನು ತಡೆಯಲು ಹೊರಟ ಪಾಕಿಸ್ತಾನ್ ಟೆಲಿಕಾಂ, ಅದರೊಳಗಿನ 256 ವಿಳಾಸಗಳ 208.65.153.0/24 ತನ್ನಲ್ಲಿದೆ ಅಂತ ಬಿಜಿಪಿಯಲ್ಲಿ, ಅಂದರೆ ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ತಿಳಿಸುವ ಪ್ರೋಟೊಕಾಲ್‌ನಲ್ಲಿ, ಸಾರಿತು. ಆ ಸುದ್ದಿ ದೇಶದ ಹೊರಗೂ ಹಬ್ಬಿತು. ಎರಡು ದಾರಿ ಕಂಡರೆ ರೌಟರ್ ಹೆಚ್ಚು ನಿಖರವಾದದ್ದನ್ನೇ ಹಿಡಿಯುತ್ತದೆ. /22ಕ್ಕಿಂತ /24 ನಿಖರ. ಅಷ್ಟೇ! ಇದು ನೀವು ಸಬ್‌ನೆಟ್ಟಿಂಗ್ (ವಿಳಾಸಗಳನ್ನು ಗುಂಪುಗಳಾಗಿ ಒಡೆಯುವುದು) ಕಲಿಯುವ ತಿಂಗಳಲ್ಲೇ ಬರುವ ಪಾಠ.

ಹಾಗಾಗಿ ಬೇಸಿಕ್ಸ್ ಬೇಗ ಮುಗಿಸಿ ಮುಂದೆ ಓಡಬೇಡಿ. ಕಂಪ್ಯೂಟರ್‌ನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ. ಎರಡು ಪಿಸಿ, ಒಂದು ಸ್ವಿಚ್ ಇಡಿ. ಪಿಂಗ್‌ಗೆ ಉತ್ತರ ಬಂದಮೇಲೆ ಕೈಯಾರೆ ಕೆಡಿಸಿ. ಎರಡಕ್ಕೂ ಒಂದೇ ಐಪಿ ಕೊಟ್ಟು ನೋಡಿ. ಪಿಸಿಯಲ್ಲಿ ಡಿಎಚ್‌ಸಿಪಿ (ಐಪಿ ತಾನಾಗಿ ಪಡೆಯುವ ವಿಧಾನ) ಆಯ್ಕೆ ಮಾಡಿ, 169.254ರಿಂದ ಶುರುವಾಗುವ ವಿಳಾಸ ಎಲ್ಲಿಂದ ಬಂತು ಅಂತ ಹುಡುಕಿ. ಆಮೇಲೆ ಒಂದು ಪಿಸಿಗೆ 192.168.1.10/24, ಇನ್ನೊಂದಕ್ಕೆ 192.168.1.200/25 ಕೊಡಿ. ಗೇಟ್‌ವೇ (ಬೇರೆ ನೆಟ್‌ವರ್ಕ್‌ಗೆ ಹೋಗುವ ಬಾಗಿಲು) ಬೇಡ. ಪಿಂಗ್ ಸೋಲುತ್ತದೆ. ಸಿಮ್ಯುಲೇಷನ್ ಮೋಡ್‌ಗೆ ಹೋಗಿ, ಪ್ಯಾಕೆಟ್ ತೋರಿಸುವ ಆ ಪುಟ್ಟ ಲಕೋಟೆ ಎಲ್ಲಿ ನಿಲ್ಲುತ್ತದೆ ಅಂತ ಹಿಂದೆಯೇ ಹೋಗಿ ನೋಡಿ.