ಹೋಂಡಾದ ಕಾಲು, ಮಾಜ್ದಾದ ಮೈ

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ಮಗನ ಮನೆಯಲ್ಲಿ ಎರಡು ಕಾರುಗಳಿವೆ. ಒಂದರಲ್ಲಿ ಇಡೀ ಸಂಸಾರ ಹಿಡಿಸುತ್ತದೆ, ಅದು ಸೊಸೆಯದು. ಇನ್ನೊಂದರಲ್ಲಿ ಇಬ್ಬರು ಮಾತ್ರ ಹಿಡಿಸುತ್ತಾರೆ, ಅದೂ ಊಟಕ್ಕೆ ಮೊದಲು. ಅದು ಮಗನದು, 1994ರ ಮಾಜ್ದಾ ಮಿಯಾಟಾ. ಮೇಲೆ ಮಡಚುವ ಬಟ್ಟೆಯ ಮಾಡು, ಮುಂದೆ ಬಾನೆಟ್ಟಿನೊಳಗಿಂದ ಕಣ್ಣು ಬಿಟ್ಟು ಮೇಲೇಳುವ ದೀಪಗಳು. ಅದಕ್ಕೆ ಹತ್ತುವುದು ಎನ್ನಲಾಗದು, ಇಳಿಯುವುದು ಎನ್ನಬೇಕು. ಹೊರಬರಲು ಯಾರಾದರೂ ಕೈ ಕೊಡಬೇಕು. ಬ್ಯಾಂಕಿನ ಗುಮಾಸ್ತನಾಗಿ ನಿವೃತ್ತನಾದ ನನಗೆ ಇಂಥ ವಸ್ತುವಿಗೂ ಸಾಲ ಮಂಜೂರು ಮಾಡುವವರಿದ್ದಾರಲ್ಲ ಎಂದು ಸೋಜಿಗ. "ಸಾಲವಲ್ಲ ಅಪ್ಪ, ನಗದು" ಎಂದ ಮಗ. ಅದು ಇನ್ನೂ ಕೆಟ್ಟದ್ದು.

ಅವನ ಸಹೋದ್ಯೋಗಿಯೊಬ್ಬ ತನ್ನ 2000ದ ಹೋಂಡಾ ಸಿವಿಕ್ ಎಸ್‌ಐಗೆ ಹೊಸ ಚಕ್ರ ಹಾಕಿಸಿಕೊಂಡು, ಹಳೆಯ ನಾಲ್ಕನ್ನು ಟೈರಿನ ಸಮೇತ ಇವನಿಗೆ ಪುಕ್ಕಟೆ ಕೊಟ್ಟ. ಪುಕ್ಕಟೆ ಎಂಬುದು ಕಿವಿಗೆ ಬಿದ್ದರೆ ನಮ್ಮ ವಂಶದವರಿಗೆ ವಿವೇಚನೆ ಉಳಿಯುವುದಿಲ್ಲ. ರಾತ್ರಿ ಊಟದ ಮೇಜಿನ ಮೇಲೆ ಜಾತಕ ಕೂಡಿಸುವ ಕೆಲಸ ನಡೆಯಿತು. ಇಲ್ಲಿ ನಾಲ್ಕು ಬೋಲ್ಟು, ಅಲ್ಲಿಯೂ ನಾಲ್ಕು. ಬೋಲ್ಟುಗಳು ನಿಂತಿರುವ ವೃತ್ತದ ವ್ಯಾಸ 100 ಮಿಲಿಮೀಟರ್, ಅಲ್ಲಿಯೂ ಅಷ್ಟೇ. ಬೋಲ್ಟಿನ ದಪ್ಪ 12 ಮಿಲಿಮೀಟರ್, ತಿರುಪಿನ ಎಳೆಗಳ ಅಂತರ ಒಂದೂವರೆ, ಅದೂ ಕೂಡಿತು. ನಡುವಿನ ರಂಧ್ರದ ಬಗ್ಗೆ ಮಾತ್ರ ಸಣ್ಣ ಭಿನ್ನಾಭಿಪ್ರಾಯ. ಮಾಜ್ದಾದ ಹಬ್, ಎಂದರೆ ಆ ರಂಧ್ರದೊಳಗೆ ಕೂರುವ ಉಬ್ಬು, 54.1 ಮಿಲಿಮೀಟರ್, ಹೋಂಡಾ ಚಕ್ರದ ರಂಧ್ರ 56.1. "ರಂಧ್ರ ಚಿಕ್ಕದಾಗಿದ್ದರೆ ಕಷ್ಟ, ದೊಡ್ಡದಾಗಿದ್ದರೆ ಏನೂ ಆಗುವುದಿಲ್ಲ" ಎಂದ ಮಗ. ಎಲ್ಲ ಕೂಡಿಬಂದು ಒಂದೇ ಕೂಟದಲ್ಲಿ ದೋಷ ಕಂಡಾಗ, ದಕ್ಷಿಣೆ ಕೈಗೆ ಬಂದಿರುವ ಪುರೋಹಿತರೂ ಹೀಗೆಯೇ ಹೇಳುತ್ತಾರೆ.

ಅಂಕಿ ಕಂಡರೆ ಲೆಕ್ಕ ಹಾಕದೆ ಬಿಡುವ ಅಭ್ಯಾಸ ನನಗಿಲ್ಲ. ಹಳೆಯ ಟೈರಿನ ಪಕ್ಕೆಯ ಮೇಲೆ 185/60 ಆರ್ 14 ಎಂದಿತ್ತು. ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ, ಆ ಅಗಲದ ಶೇಕಡಾವಾರು ಲೆಕ್ಕದಲ್ಲಿ. ಮೂರನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ! ಹೀಗೆ ಲೆಡ್ಜರ್ ಬರೆದಿದ್ದರೆ ನಮ್ಮ ಮ್ಯಾನೇಜರರು ಅದನ್ನು ಕಿಟಕಿಯಿಂದ ಆಚೆ ಎಸೆಯುತ್ತಿದ್ದರು. ಹೋಂಡಾದ್ದು 195/55 ಆರ್ 15. ಕೂಡಿ ಗುಣಿಸಿದಾಗ ಹಳೆಯ ಟೈರಿನ ವ್ಯಾಸ ಸುಮಾರು 578 ಮಿಲಿಮೀಟರ್, ಹೊಸದರದು 595ಕ್ಕೂ ತುಸು ಹೆಚ್ಚು. ಎಂದರೆ ಸ್ಪೀಡೋಮೀಟರ್ 60 ಮೈಲಿ ತೋರಿಸುವಾಗ ಕಾರು ಸುಮಾರು 62ರಲ್ಲಿ ಓಡುತ್ತಿರುತ್ತದೆ. "ಶೇಕಡಾ ಮೂರು ತಾನೆ?" ಎಂದ ಮಗ. ಶೇಕಡಾ ಮೂರರ ಬೆಲೆಯನ್ನು ಉಳಿತಾಯ ಖಾತೆಯವರನ್ನು ಕೇಳಬೇಕು. ಟೈರಿನ ಮೇಲೆ ಅದು ತಯಾರಾದ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ. ಅದರ ಪ್ರಕಾರ ಇವುಗಳಲ್ಲಿ ಮೂರು ತ್ರಿವಳಿಗಳು, ನಾಲ್ಕನೆಯದು ದತ್ತು.

ಶನಿವಾರ ಜಾಕ್ ಹಾಕಿ ಚಕ್ರ ಬದಲಾಯಿಸಿದ. ನನ್ನ ಪಾಲಿಗೆ ಟಾರ್ಚು ಹಿಡಿಯುವ ಕೆಲಸ, ಹಾಡುಹಗಲಿನಲ್ಲಿ. ಹೊಸ ಕಾಲಿನ ಮೇಲೆ ಕಾರು ಚೆನ್ನಾಗಿಯೇ ಕಾಣುತ್ತಿತ್ತು, ಸುಳ್ಳು ಹೇಳಬಾರದು. ಆದರೆ ನನ್ನ ಹೆಂಡತಿ ತಕರಾರು ತೆಗೆದಳು: ಕಾರಿಗೆ ಪೂಜೆಯಾಗಿದೆ, ಸರಿ, ಬೇರೆ ಕಾರಿನ ಚಕ್ರಕ್ಕೆ ಆ ಕಾರಿನ ದೃಷ್ಟಿ ಅಂಟಿಕೊಂಡಿರುವುದಿಲ್ಲವೆ? ನಾಲ್ಕು ನಿಂಬೆಹಣ್ಣು ಬಂದವು. ಅಮೆರಿಕದ ನಿಂಬೆಹಣ್ಣು ದಪ್ಪ ಸಿಪ್ಪೆಯದು, ಸುಲಭಕ್ಕೆ ಜಗ್ಗುವುದಿಲ್ಲ. ಮೂರು ಒಡೆದವು. ಮುಂದಿನ ಎಡ ಚಕ್ರದ ಕೆಳಗಿದ್ದದ್ದು ಪಕ್ಕಕ್ಕೆ ಚಿಮ್ಮಿ ಇಳಿಜಾರಿನಲ್ಲಿ ಉರುಳುತ್ತಾ ಎದುರು ಮನೆಯ ಹುಲ್ಲು ಸೇರಿತು. ಆ ಮನೆಯಾತ ಅದನ್ನು ಒರೆಸಿ ತಂದು ಕೊಟ್ಟ. "ಶಕುನ ಸರಿಯಿಲ್ಲ" ಎಂದಳು.

ಮರುದಿನ ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನಕ್ಕೆ ಹೊರಟೆವು, ಎರಡೇ ಸೀಟು ಎಂದು ಹೆಂಗಸರನ್ನು ಬಿಟ್ಟು. ನೈಲ್ಸ್ ಕಣಿವೆಯ ತಿರುವುಗಳಲ್ಲಿ ಕಾರು ಸುಖವಾಗಿ ಸಾಗಿತು. ಹೆದ್ದಾರಿ ಸೇರಿ ಮುಳ್ಳು 60ರ ಹತ್ತಿರ ಬಂದದ್ದೇ ತಡ, ಸ್ಟೀರಿಂಗ್ ಗಡಗಡ ನಡುಗತೊಡಗಿತು. "ರಸ್ತೆ ಹಾಗಿದೆ" ಎಂದ ಮಗ. ಪಕ್ಕದ ಲಾರಿಯ ಚಾಲಕ ಅದೇ ರಸ್ತೆಯಲ್ಲಿ ಕಾಫಿ ಕುಡಿಯುತ್ತಾ ಹೋಗುತ್ತಿದ್ದ. ನಾನು ಹಲ್ಲು ಕಚ್ಚಿಕೊಂಡು ಕುಳಿತೆ. ಧೈರ್ಯಕ್ಕಲ್ಲ, ಹಲ್ಲಿನ ಸೆಟ್ಟು ಹೊಸದು.

ದೇವರ ದರ್ಶನಕ್ಕೆ ಮೊದಲು ಟೈರ್ ಅಂಗಡಿಯ ದರ್ಶನವಾಯಿತು. ಅಲ್ಲಿ ಕೆಲಸಕ್ಕಿದ್ದ ಹುಡುಗಿ ಹಿಂದಿನ ಬಲ ಚಕ್ರದ ಒಂದು ನಟ್ಟನ್ನು ಬೆರಳಿನಿಂದಲೇ ತಿರುಗಿಸಿ ತೋರಿಸಿದಳು. ಸುಮಾರು 110 ನ್ಯೂಟನ್ ಮೀಟರ್ ಬಿಗಿಯಬೇಕಾದ ನಟ್ಟು ಅದು. ಬಳಿಕ ಅದರ ಮೂತಿಗೆ ಮಾರ್ಕರ್ ಮಸಿ ಬಳಿದು, ಚಕ್ರದ ಕುಳಿಯಲ್ಲಿ ಕೂರಿಸಿ, ಬಿಗಿದು, ಬಿಚ್ಚಿದಳು. ಕುಳಿಯಲ್ಲಿ ಕೂದಲೆಳೆಯಷ್ಟು ಅಗಲದ ಉಂಗುರ ಮಾತ್ರ ಮೂಡಿತ್ತು. ಹೋಂಡಾ ಕಾರ್ಖಾನೆಯ ಚಕ್ರದ ಕುಳಿ ದುಂಡಗಿನದು, ಅದರ ನಟ್ಟಿನ ಬುಡವೂ ದುಂಡಗೆ. ಮಾಜ್ದಾದ ನಟ್ಟಿನದು ಶಂಕುವಿನಾಕಾರ. ಎಳೆ ಕೂಡುತ್ತದೆ, ತಿರುಗುತ್ತದೆ, ಬಿಗಿಯಾದಂತೆಯೂ ಅನ್ನಿಸುತ್ತದೆ; ಹಿಡಿತ ಮಾತ್ರ ಇರುವುದಿಲ್ಲ. ಹಬ್ಬಿನ ಸುತ್ತ ಎರಡು ಮಿಲಿಮೀಟರಿನ ಆ ಪುಟ್ಟ ಭಿನ್ನಾಭಿಪ್ರಾಯ ಬೇರೆ. ಚಕ್ರವನ್ನು ನಡುಮಧ್ಯದಲ್ಲಿ ನಿಲ್ಲಿಸುವ ಹೊಣೆಯನ್ನು ಹಬ್ಬು ನಟ್ಟಿಗೆ ವಹಿಸಿತ್ತು, ನಟ್ಟು ಹಬ್ಬನ್ನು ನಂಬಿತ್ತು. ಇಂಥ ಜಂಟಿ ಖಾತೆಗಳನ್ನು ನಾನು ಬಹಳ ನೋಡಿದ್ದೇನೆ.

ಮಗ ಸಹೋದ್ಯೋಗಿಗೆ ಫೋನು ಮಾಡಿದ. ದುಂಡು ಬುಡದ ಹದಿನಾರೂ ನಟ್ಟುಗಳು ಆತನ ಗ್ಯಾರೇಜಿನ ಡಬ್ಬಿಯಲ್ಲಿ ಭದ್ರವಾಗಿದ್ದವು. ಕೊಡಲಿಲ್ಲವೇಕೆ ಎಂದರೆ, "ನೀನು ಚಕ್ರ ಮಾತ್ರ ಕೇಳಿದೆಯಲ್ಲ" ಎಂದ. ಹಬ್ಬಿನ ಸಂದಿಗೆ 56.1ರಿಂದ 54.1ಕ್ಕೆ ಇಳಿಸುವ ಪ್ಲಾಸ್ಟಿಕ್ ಬಳೆಗಳನ್ನು ಕೊಂಡದ್ದಾಯಿತು. ದತ್ತು ಟೈರಿನೊಂದಿಗೆ ತ್ರಿವಳಿಗಳನ್ನೂ ಕಿತ್ತು ಹೊಸ ಟೈರು ಹಾಕಿಸಿದ್ದಾಯಿತು. ಪುಕ್ಕಟೆ ಚಕ್ರದ ಒಟ್ಟು ಖರ್ಚನ್ನು ನಾನು ಬರೆದಿಟ್ಟಿದ್ದೇನೆ. ಮಗ ನೋಡಲು ಒಪ್ಪುತ್ತಿಲ್ಲ. ಈಗ ಎಪ್ಪತ್ತು ದಾಟಿದರೂ ನಡುಕವಿಲ್ಲ, ಕಾರಿಗೆ.

ಸಡಿಲವಾದದ್ದು ಹಿಂದಿನ ಬಲ ಚಕ್ರ, ನಿನ್ನ ಶಕುನ ಮುಂದಿನ ಎಡಗಡೆಯದು ಎಂದು ಹೆಂಡತಿಗೆ ಹೇಳಿದೆ. "ನಿಂಬೆಹಣ್ಣು ಎದುರು ಮನೆಗೆ ಹೋಗಿತ್ತಲ್ಲ, ಅಲ್ಲಿಂದ ನೋಡಿದರೆ ಅದೇ ಮುಂದಿನ ಎಡ" ಎಂದಳು.

ಮಾಜ್ದಾದ ಮೂಲ ಚಕ್ರಗಳು ಗ್ಯಾರೇಜಿನಲ್ಲಿ ಸೊಸೆಯ ಟೆಸ್ಲಾ ಮಾಡೆಲ್ 3 ನಿಲ್ಲುವ ಜಾಗ ಹಿಡಿದು ಕುಳಿತಿವೆ. ಅವುಗಳನ್ನು ಮಗ ಒಂದು ಬಗೆಯಲ್ಲಿ ನೋಡುತ್ತಿರುವುದನ್ನು ಕಂಡ ಸೊಸೆ, ಯಾರೂ ಕೇಳದಿದ್ದರೂ, "ನನ್ನ ಕಾರಿಗೆ ಬೋಲ್ಟು ಐದು, 114.3 ಮಿಲಿಮೀಟರ್" ಎಂದಳು. "ಐದನ್ನು ನಾಲ್ಕಕ್ಕೆ ಹೊಂದಿಸುವ ಅಡಾಪ್ಟರ್ ಸಿಗುತ್ತದೆ" ಎಂದ ಮಗ. ಆ ಕಾರಿಗೆ ಫೋನೇ ಕೀಲಿ. ರಾತ್ರಿ ಮಲಗುವ ಹೊತ್ತಿಗೆ ಮಗನ ಫೋನಿಗಿದ್ದ ಅನುಮತಿ ರದ್ದಾಗಿತ್ತು.