ಹಸಿವಿಲ್ಲದ ಗೆಂಡೆಗೆ ಔತಣ

ಚಳಿಗಾಲದಲ್ಲಿ ಗೆಂಡೆ ಮೀನಿಗೆ ಗಾಳ ಹಾಕಿ ಕುಳಿತವನ ತಾಳ್ಮೆಯನ್ನು ದಾರಿಹೋಕರು ಮನಸಾರೆ ಹೊಗಳುವುದುಂಟು. ಅದು ತಾಳ್ಮೆಯಲ್ಲ, ಬೆರಳುಗಳು ಮರಗಟ್ಟಿರುವುದರಿಂದ ಗಂಟುಮೂಟೆ ಕಟ್ಟಿಕೊಂಡು ಹೊರಡಲಾಗದ ಅಸಹಾಯಕತೆ ಎಂಬುದು ಕುಳಿತವನಿಗೆ ಮಾತ್ರ ತಿಳಿದಿರುತ್ತದೆ.

ಗೆಂಡೆಗೆ ಇಂಥ ಕಷ್ಟವಿಲ್ಲ. ಅದು ಶೀತರಕ್ತದ ಪ್ರಾಣಿಯಾದ್ದರಿಂದ ನೀರು ತಣ್ಣಗಾದಂತೆ ಅದರ ದೇಹದ ವ್ಯವಹಾರವೆಲ್ಲ ನಿಧಾನವಾಗುತ್ತದೆ; ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರಂತೂ ಊಟದ ವಿಷಯದಲ್ಲಿ ಅದಕ್ಕೆ ವೈರಾಗ್ಯವೇ ಬಂದುಬಿಡುತ್ತದೆ. ನೀರು ಅತ್ಯಂತ ಭಾರವಾಗಿರುವುದು ಸುಮಾರು 4 ಡಿಗ್ರಿಯಲ್ಲಿ. ಹೀಗಾಗಿ ಕೆರೆಯ ಮೇಲೆ ಮಂಜುಗಡ್ಡೆ ಕಟ್ಟಿದರೂ ತಳದಲ್ಲಿ ಹೆಚ್ಚುಕಡಿಮೆ ಅಷ್ಟೇ ಉಷ್ಣತೆ ಉಳಿದಿರುತ್ತದೆ. ಅಂದರೆ ದಡದ ಗಾಳಿ ಶೂನ್ಯಕ್ಕಿಂತ ಕೆಳಗಿಳಿದ ದಿನ ನಮ್ಮಿಬ್ಬರಲ್ಲಿ ಬೆಚ್ಚಗಿರುವುದು ಮೀನೇ. ಸಾಲದ್ದಕ್ಕೆ ಗೆಂಡೆಗೆ ಜಠರವೆಂಬುದೇ ಇಲ್ಲ. ಗಂಟಲಿನ ಹಲ್ಲುಗಳಲ್ಲಿ ಅರೆದದ್ದು ನೇರವಾಗಿ ಕರುಳಿಗೆ ಹೋಗುತ್ತದೆ. ಹೊಟ್ಟೆಯೂ ಇಲ್ಲದ, ಹಸಿವೂ ಇಲ್ಲದ ಅತಿಥಿಗಾಗಿ ನಾವು ಹಿಂದಿನ ರಾತ್ರಿಯೆಲ್ಲ ಕುಳಿತು ಎರೆ ಆರಿಸುತ್ತೇವೆ.

ಬೇಸಿಗೆಯಲ್ಲಿ ಮೀನಿನ ಹುಡಿ ಮತ್ತು ಎಣ್ಣೆ ಬೆರೆಸಿ ಬೇಯಿಸಿದ ಬಾಯ್ಲಿ ಉಂಡೆಗಳನ್ನು ಧಾರಾಳವಾಗಿ ಎರಚಬಹುದು. ಚಳಿಯಲ್ಲಿ ಅದೇ ಎಣ್ಣೆ ಗಟ್ಟಿಯಾಗಿ ವಾಸನೆ ಸರಿಯಾಗಿ ಹರಡುವುದಿಲ್ಲ, ತಿಂದದ್ದು ಬೇಗ ಅರಗುವುದೂ ಇಲ್ಲ. ಆದ್ದರಿಂದ ಎಣ್ಣೆ ಕಡಿಮೆಯಿರುವ, ನೀರಿನಲ್ಲಿ ಸುಲಭವಾಗಿ ಕರಗುವ ರಸಗಳಲ್ಲಿ ನೆನೆಸಿದ, ಕಣ್ಣಿಗೆ ಹೊಡೆಯುವ ಬಣ್ಣದ ಪುಟ್ಟ ಎರೆಯೊಂದು ಸಾಕು. ಸುತ್ತ ಒಂದು ಚಿಟಿಕೆ ಪುಡಿ ಬಿದ್ದರೆ ಅದೇ ಹೆಚ್ಚು. ಈ ಸತ್ಯವನ್ನು ಬಲ್ಲವರೇ ದಡಕ್ಕೆ ಬರುವಾಗ ಎರಡು ಬಕೆಟ್ ತುಂಬ ಎರೆ ಹೊತ್ತು ತರುತ್ತಾರೆ. ಎರೆಯ ವೈವಿಧ್ಯ ಮೀನಿಗಿಂತ ಹೆಚ್ಚಾಗಿ ಹಿಡಿಯುವವನ ಸಮಾಧಾನಕ್ಕೆ ಎಂಬ ನನ್ನ ಅನುಮಾನ ಬಲವಾದದ್ದು ಅಲ್ಲಿಯೇ.

ಆ ಚಿಟಿಕೆ ಪುಡಿಯನ್ನು ಗಾಳದ ಪಕ್ಕದಲ್ಲೇ ಬೀಳಿಸಲು ಪಿವಿಎ ಎಂಬ, ನೀರಿನಲ್ಲಿ ಕರಗುವ ಚೀಲವಿದೆ. ತಣ್ಣೀರಿನಲ್ಲಿ ಕರಗಲು ಅದು ಸತಾಯಿಸುತ್ತದೆ. ತುಂತುರು ಮಳೆಯಲ್ಲಿ ನೆನೆದ ನನ್ನ ಬೆರಳುಗಳ ನಡುವೆ ಮಾತ್ರ ಯಾವ ಸಂಕೋಚವೂ ಇಲ್ಲದೆ ಕರಗಿ, ಪುಡಿಯನ್ನೆಲ್ಲ ಬೂಟಿನೊಳಗೆ ಸುರಿಯುತ್ತದೆ. ಇನ್ನು ಹೇರ್ ರಿಗ್. ಇಂಗ್ಲೆಂಡಿನ ಗಾಳಗಾರರಾದ ಲೆನ್ನಿ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ ಸುಮಾರು 1980ರ ಹೊತ್ತಿಗೆ ಬಳಕೆಗೆ ತಂದ ಈ ಉಪಾಯದಲ್ಲಿ ಎರೆಯನ್ನು ಗಾಳಕ್ಕೆ ಚುಚ್ಚುವುದಿಲ್ಲ, ಗಾಳದಿಂದ ಇಳಿಬಿಟ್ಟ ಕೂದಲೆಳೆಯಂಥ ದಾರಕ್ಕೆ ಪೋಣಿಸುತ್ತಾರೆ. ಮೀನು ಎರೆಯನ್ನು ಅನುಮಾನವಿಲ್ಲದೆ ಹೀರಿಕೊಂಡಾಗ ಬರಿದಾದ ಗಾಳ ತುಟಿಗೆ ನಾಟುತ್ತದೆ. ಅದ್ಭುತವಾದ ಯೋಚನೆ, ಸಂದೇಹವಿಲ್ಲ. ಆದರೆ ಮರಗಟ್ಟಿದ ಕೈಯಲ್ಲಿ ಸೂಜಿ ಹಿಡಿದು ಒಂದು ಮೆಕ್ಕೆಜೋಳದ ಕಾಳನ್ನು ಪೋಣಿಸುವುದರೊಳಗೆ ನಾನು ಹೆಬ್ಬೆರಳನ್ನು ಹಲವು ಸಲ ಪೋಣಿಸಿರುತ್ತೇನೆ.

ಚಳಿಗಾಲದ ಎರೆಗಳ ರಾಜನೆಂದರೆ ನೊಣದ ಮರಿಹುಳು. ಮೆತ್ತಗಿರುತ್ತದೆ, ಸುಲಭವಾಗಿ ಅರಗುತ್ತದೆ, ಮಿಸುಕಾಡಿ ಮೀನಿನ ಗಮನ ಸೆಳೆಯುತ್ತದೆ. ಬೆಚ್ಚಗಿಟ್ಟರೆ ಬೇಗ ಕೋಶವಾಗಿಬಿಡುವುದರಿಂದ ಅದನ್ನು ಫ್ರಿಜ್ಜಿನಲ್ಲಿ ಇಡಬೇಕು ಎಂಬುದು ಶಾಸ್ತ್ರ. ಮನೆಯವರ ಒಪ್ಪಿಗೆ ಬೇಕೆಂದು ಶಾಸ್ತ್ರದಲ್ಲಿ ಎಲ್ಲಿಯೂ ಹೇಳಿಲ್ಲ. ಒದ್ದೆಯಾದ ಮರಿಹುಳು ನುಣುಪಾದ ಗೋಡೆಯನ್ನೂ ನೇರವಾಗಿ ಏರಬಲ್ಲದು. ಡಬ್ಬಿಯ ಮುಚ್ಚಳದ ಉಸಿರುರಂಧ್ರಗಳ ಬಳಿ ಹನಿಗಟ್ಟಿದ ನೀರು ಒಂದು ರಾತ್ರಿ ಅವುಗಳಿಗೆ ರಾಜಮಾರ್ಗವಾಯಿತು. ಬೆಳಿಗ್ಗೆ ತರಕಾರಿ ಖಾನೆ ತೆರೆದವರ ಕೂಗು ಕೇಳಿ ನಾನು ಎದ್ದು ಬರುವಷ್ಟರಲ್ಲಿ, ಹುಳುಗಳ ಜೊತೆಗೆ ನನ್ನ ಬೂಟು, ಬಲೆ, ಮಡಚು ಕುರ್ಚಿಗಳೂ ಬಾಗಿಲ ಹೊರಗಿದ್ದವು. ಒಂದು ದೃಷ್ಟಿಯಿಂದ ಅದು ಅನುಕೂಲವೇ ಆಯಿತು. ನಾನು ಅಂದು ಹೇಗೂ ಕೆರೆಗೆ ಹೊರಡುವವನಿದ್ದೆ.

ಉಳಿದ ಹುಳುಗಳು ದಡದ ಚಳಿಗೆ ಕಡ್ಡಿಯಂತೆ ನೆಟ್ಟಗೆ ಮಲಗಿಬಿಟ್ಟವು. ಅವನ್ನು ಕೆಳದುಟಿಯ ಹಿಂದೆ ಇಟ್ಟುಕೊಂಡು ಬೆಚ್ಚಗಾಗಿಸಿದರೆ ಮತ್ತೆ ಚುರುಕಾಗುತ್ತವೆಂಬುದು ಹಳೆಯ ಬೆಸ್ತರ ಯುಕ್ತಿ. ಅದರ ಹಿಂದಿನ ವಿಜ್ಞಾನದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ, ತಕರಾರಿರುವುದು ತುಟಿಯ ಬಗ್ಗೆ ಮಾತ್ರ. ನಾನು ಎರಡು ಜೋಳದ ಕಾಳು ಪೋಣಿಸಿ ಎಸೆದೆ. ಜೊತೆಗಿದ್ದ ಗೆಳೆಯ ಮಾತ್ರ ನನ್ನ ಡಬ್ಬಿಯಿಂದ ಒಂದಷ್ಟು ಹುಳುಗಳನ್ನು ಕೇಳಿ ಪಡೆದು ತನ್ನ ಜಾಗಕ್ಕೆ ಹೋಗಿ ಗಂಭೀರವಾಗಿ ಕುಳಿತ. ಬಿಸಿಲು ತುಸು ಕಾಯಿಸಿದ ಮಧ್ಯಾಹ್ನದ ಹೊತ್ತಿಗೆ, ಮೀನು ದಾರ ಎಳೆದರೆ ಕೂಗುವ ನನ್ನ ಅಲಾರಂ ಒಮ್ಮೆ ಕೂಗಿ, ತಡೆದು, ಆಮೇಲೆ ಎಡೆಬಿಡದೆ ಕೂಗಿತು. ಬಂದ ಗೆಂಡೆ ದೊಡ್ಡದೇನಲ್ಲ; ಒದ್ದೆ ಚಾಪೆಯ ಮೇಲೆ ಮಲಗಿಸಿ, ಗಾಳ ಬಿಡಿಸಿ, ನೀರಿಗೆ ಮರಳಿ ಬಿಟ್ಟೆ. ಅಭಿನಂದನೆಯ ಒಂದು ಮಾತನ್ನೂ ಆಡದ ಗೆಳೆಯನನ್ನು, ಇಷ್ಟೊಂದು ಹೊಟ್ಟೆಕಿಚ್ಚು ಒಳ್ಳೆಯದಲ್ಲವೆಂದು ಛೇಡಿಸಿದಾಗ, ಅವನು ಬಾಯಿ ತೆರೆಯದೆ ಬೆರಳಿನಿಂದ ತನ್ನ ಉಬ್ಬಿದ ಕೆಳದುಟಿಯನ್ನು ತೋರಿಸಿದ.